ರಾತ್ರಿಯಿಡೀ ಬೆಂಕಿ ಕಾಯುವ ಪೆಟ್ಟಿಗೆ: ಎಂಟು ತಿಂಗಳು ಬಳಸಿದ ಮೇಲೆ

ಮೂಳೆ ಸಮೇತ ನಾಲ್ಕು ಕಿಲೋ ಹಂದಿ ಭುಜವನ್ನು 110 ಡಿಗ್ರಿಯಲ್ಲಿ ಹೊಗೆಗೆ ಇಟ್ಟರೆ ಹದಿಮೂರು ಹದಿನಾಲ್ಕು ಗಂಟೆ ಹಿಡಿಯುತ್ತದೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ಅಂದರೆ ಶನಿವಾರ ರಾತ್ರಿ ಒಂಬತ್ತಕ್ಕೇ ಕೆಂಡ ಮಾಡಬೇಕು, ಆಮೇಲೆ ಗಂಟೆಗೊಮ್ಮೆ ಎದ್ದು ತಾರಸಿಗೆ ಹೋಗಿ ಮಾಂಸ ಹೊಗೆಗಿಡುವ ಡ್ರಮ್ಮಿನ ಗಾಳಿಕಿಂಡಿ ಸರಿಮಾಡಬೇಕು. ಎರಡು ವರ್ಷ ಹಾಗೇ ಮಾಡಿದೆ. ಈಗ ಎಂಟು ತಿಂಗಳಿಂದ ತಮ್ಮ ಮಾಡಿಕೊಟ್ಟ ಪೆಟ್ಟಿಗೆ ಆ ಕೆಲಸ ನೋಡಿಕೊಳ್ಳುತ್ತಿದೆ. ನಾನು ಮಲಗುತ್ತೇನೆ.

ಒಳಗಿರುವುದು ಒಂದು ಇಎಸ್‌ಪಿ32 ಬೋರ್ಡ್ (ಕೋಡ್ ಹಾಕಿ ನಡೆಸುವ, ವೈಫೈ ಇರುವ ಪುಟ್ಟ ಕಂಪ್ಯೂಟರ್), ಮ್ಯಾಕ್ಸ್6675 ಚಿಪ್ಪಿನ ಜೊತೆ ಬರುವ ಎರಡು ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ಪ್ರೋಬ್), 12 ವೋಲ್ಟಿನ ಪುಟ್ಟ ಬ್ಲೋವರ್. ಎಲ್ಲಾ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಬೀದಿ ಎಸ್.ಪಿ. ರೋಡಿನಲ್ಲಿ ಒಂದೇ ಮಧ್ಯಾಹ್ನ ಸಿಕ್ಕಿತು, ಎರಡು ಸಾವಿರ ರೂಪಾಯಿ ಒಳಗೆ. ಬಿಸಿ ಇಳಿದರೆ ಕೆಂಡಕ್ಕೆ ಗಾಳಿ ಊದುತ್ತದೆ, 110ರ ಹತ್ತಿರ ಬಂದ ಹಾಗೆ ಊದುವುದನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಹೀಗೆ ಗುರಿಗೆ ಎಷ್ಟು ದೂರ ಇದೆ ಅಂತ ನೋಡಿ ಹೆಚ್ಚುಕಡಿಮೆ ಮಾಡುವ ಲೆಕ್ಕಕ್ಕೇ ಪಿಐಡಿ ಅನ್ನುವುದು.

ಮೊದಲು ಪ್ರೋಬನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆವು. 97 ತೋರಿಸಿತು. ತಪ್ಪು ತೋರಿಸುತ್ತಿದೆ ಅಂತ ತಮ್ಮ ಕೋಡಿನಲ್ಲಿ ಮೂರು ಡಿಗ್ರಿ ಸೇರಿಸಲು ಹೊರಟಿದ್ದ. ಆದರೆ ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು ಕುದಿಯುವುದೇ 97ಕ್ಕೆ ಅಲ್ವಾ? ಮಾಂಸ ಬೆಂದು ಮೆತ್ತಗಾಗಲು ಒಳಗೆ 95 ಆಗಬೇಕು; ಮೂರು ಸೇರಿಸಿದ್ದರೆ 95 ಆಯಿತು ಅಂತ ನಂಬಿ ಮಾಂಸವನ್ನು 92ಕ್ಕೇ ಇಳಿಸುತ್ತಿದ್ದೆವು. ನೀವು ಮಾಡಿದರೆ ಇದನ್ನು ಮರೆಯಬೇಡಿ.

ಮೊದಲ ರಾತ್ರಿ ಸರಿಹೋಗಲಿಲ್ಲ. ಎರಡು ಗಂಟೆಗೆ ಮುಚ್ಚಳ ತೆಗೆದು ಮಾಂಸ ನೋಡಿದೆ. ಒಳಗಿನ ಬಿಸಿ 70ಕ್ಕೆ ಬಿತ್ತು, ಪೆಟ್ಟಿಗೆ ಬೆಂಕಿ ಆರುತ್ತಿದೆ ಅಂದುಕೊಂಡು ಜೋರಾಗಿ ಊದಿತು, ಮುಚ್ಚಳ ಹಾಕಿ ಅರ್ಧ ಗಂಟೆಗೆ ನೋಡಿದರೆ 160. ಹೊರಪದರ ಕರಿಯಾಗಿ ಕಹಿಯಾಯಿತು. ಆಮೇಲೆ ತಮ್ಮ ಕೋಡ್ ಬದಲಿಸಿದ: ಬಿಸಿ ಒಮ್ಮೆಲೇ ಕುಸಿದರೆ ಐದು ನಿಮಿಷ ಬ್ಲೋವರ್ ನಿಲ್ಲುತ್ತದೆ.

ಇನ್ನೊಂದು ದೊಡ್ಡ ವಿಷಯ ಡ್ರಮ್ಮಿನ ಸಂದಿ. ಪೆಟ್ಟಿಗೆ ಗಾಳಿ ಕೊಡಬಲ್ಲದು ಅಷ್ಟೇ, ಸಂದಿಯಿಂದ ನುಗ್ಗುವ ಗಾಳಿಯನ್ನು ತಡೆಯಲಾರದು. ಬ್ಲೋವರ್ ನಿಂತಿದ್ದರೂ ಬಿಸಿ 130 ದಾಟುತ್ತಿತ್ತು, ನಾವು ಎರಡು ವಾರ ಸುಮ್ನೆ ಕೋಡ್ ತಿದ್ದುತ್ತಾ ಕೂತೆವು. ಮುಚ್ಚಳದ ಸುತ್ತ ಒಲೆಗೆ ಹಾಕುವ ಗ್ಯಾಸ್ಕೆಟ್ ಹಗ್ಗ ಅಂಟಿಸಿದ ದಿನವೇ ಸರಿಹೋಯಿತು. ಈಗ ರಾತ್ರಿಯಿಡೀ 107ರಿಂದ 113ರ ನಡುವೆ ನಿಲ್ಲುತ್ತದೆ.

ಕರೆಂಟ್ ಹೋದರೆ ವೈಫೈ ರೂಟರಿಗೆ ಹಾಕುವ 12 ವೋಲ್ಟ್ ಮಿನಿ ಯುಪಿಎಸ್ ಸಾಕು. ಡ್ರಮ್ಮಿನ ಬಿಸಿ 95ಕ್ಕಿಂತ ಇಳಿದರೆ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ಇದು ಬೇಕೇ ಬೇಕು. ಮಾಂಸದ ಒಳಗೆ 60 ಆಗುವ ಮುಂಚೆ ಬೆಂಕಿ ಆರಿ, ಅದು ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ತಿನ್ನಲು ಯೋಗ್ಯವಲ್ಲ.

ಮಾಂಸ 68ರಲ್ಲಿ ಮೂರು ನಾಲ್ಕು ಗಂಟೆ ಅಲ್ಲಾಡದೆ ನಿಲ್ಲುತ್ತದೆ. ಮೇಲ್ಮೈಯಿಂದ ನೀರು ಆವಿಯಾಗಿ, ನಾವು ಬೆವರಿದಾಗ ತಂಪಾಗುವ ಹಾಗೆ, ಅದು ತಣ್ಣಗಾಗುತ್ತಿರುತ್ತದೆ. ಮೊದಲು ಆ ಹೊತ್ತಿಗೆ ಗಾಬರಿಯಾಗಿ ಬೆಂಕಿ ಜಾಸ್ತಿ ಮಾಡುತ್ತಿದ್ದೆ. ಈಗ ಫೋನಿನಲ್ಲಿ ಬಿಸಿಯ ಗೆರೆ ನೋಡಿ ಮಗ್ಗುಲು ಬದಲಿಸುತ್ತೇನೆ.

ಒಂದು ಕೊರತೆ ಇನ್ನೂ ಇದೆ. ಪ್ರೋಬಿನ ತಂತಿಯ ಮೇಲಿನ ಲೋಹದ ಹೆಣಿಗೆ ಡ್ರಮ್ಮಿಗೆ ತಾಗಿದರೆ ಅಂಕಿ ಹುಚ್ಚಾಪಟ್ಟೆ ಜಿಗಿಯುತ್ತದೆ. ಈಗ ಸಿರಾಮಿಕ್ ಮಣಿ ಪೋಣಿಸಿ ನಡೆಸುತ್ತಿದ್ದೇವೆ.

ಕಳೆದ ಭಾನುವಾರ ತೆಂಗಿನ ಚಿಪ್ಪಿನ ಇದ್ದಿಲು, ಮೇಲೆ ನಾಲ್ಕು ತುಂಡು ಸೀಬೆ ಕಟ್ಟಿಗೆ. ಹನ್ನೊಂದಕ್ಕೆ 95 ಆಯಿತು. ಮೂಳೆ ಹಿಡಿದು ಎಳೆದರೆ ಚೂರೂ ಮಾಂಸ ಅಂಟದೆ ಬಂತು. ಎಳೆಎಳೆಯಾಗಿ ಬಿಡಿಸಿ, ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಒಂದು ಚಮಚ, ಕಾಳುಮೆಣಸು ಹಾಕಿ ಕಲಸಿ ಅಕ್ಕಿರೊಟ್ಟಿ ಜೊತೆ ಬಡಿಸಿದೆ. ಹಂದಿ ಅಷ್ಟಾಗಿ ಇಷ್ಟಪಡದ ನಮ್ಮ ಅತ್ತಿಗೆ ಮೂರನೇ ರೊಟ್ಟಿ ಕೇಳಿದರು.