ಮಲೆನಾಡಿನಲ್ಲಿ ಹುಡ್ ಬಿಚ್ಚುವ ಜಿಪ್ಸಿ: ಎಂಟು ವರ್ಷ ಓಡಿಸಿ ಮಾರಿದವನ ಮಾತು

ನನ್ನ ಜಿಪ್ಸಿ, ಅಂದರೆ ಮೇಲೆ ಬಿಚ್ಚಿ ಹಾಕುವ ಬಟ್ಟೆಯ ಹುಡ್ ಇರುವ ಮಾರುತಿ ಜೀಪು, ಮಾರಿ ಒಂದು ತಿಂಗಳಾಯಿತು. ನೋಡಲು ಬಂದವರೆಲ್ಲ ಮೊದಲು ಕೇಳಿದ್ದು ಒಂದೇ: 'ಹುಡ್ ಬಿಚ್ಚೋಕೆ ಎಷ್ಟು ಹೊತ್ತು ಬೇಕು?' ಹಾಕೋಕೆ ಎಷ್ಟು ಹೊತ್ತು ಅಂತ ಒಬ್ಬರನ್ನು ಬಿಟ್ಟು ಯಾರೂ ಕೇಳಲಿಲ್ಲ. ನಮ್ಮ ಕಡೆ ಕೇಳಬೇಕಾದ್ದು ಅದನ್ನೇ ಅಲ್ವಾ? ಎಂಟು ವರ್ಷ ಇಟ್ಟುಕೊಂಡು, ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಿ, ಓಡಿಸಿ, ಕೊನೆಗೆ ಮಾರಿದ್ದೇನೆ. ಹಾಗಾಗಿ ಒಂದಿಷ್ಟು ಬರೆಯುತ್ತೇನೆ. ತೆರೆದ ಗಾಡಿ ಬೇಕು ಅಂತ ಆಸೆ ಇರುವವರಿಗೆ, ಆಮೇಲೆ ಅದನ್ನು ಮಾರಲು ಪರದಾಡುವವರಿಗೂ ಉಪಯೋಗಕ್ಕೆ ಬರಬಹುದು.

ಗಾಡಿ 2002ರ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ, 80 ಬಿಎಚ್‌ಪಿ. ಹಿಂದಿನ ಮಾಲೀಕರು ಕೊಪ್ಪದ ಕಡೆ ತೋಟ ಇದ್ದವರು, ಕೆಎ-18 ನಂಬರು. 2017ರ ನವೆಂಬರ್‌ನಲ್ಲಿ 1,95,000 ರೂಪಾಯಿಗೆ ತಗೊಂಡೆ. ಆಗ ಮೀಟರ್ 92,000 ಕಿಲೋಮೀಟರ್ ತೋರಿಸುತ್ತಿತ್ತು, ಕೊಡುವಾಗ 1,41,000. ನಾನಿರುವುದು ಶಿವಮೊಗ್ಗದಲ್ಲಿ, ತೋಟ ಇರುವುದು ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಹತ್ತಿರ. ಶನಿವಾರ ಹೋಗಿ ಭಾನುವಾರ ರಾತ್ರಿ ವಾಪಸ್. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಅದರಲ್ಲೊಂದು ಏರು. ಮಳೆಗಾಲದಲ್ಲಿ ಆ ಏರಿನ ಬುಡದಲ್ಲೇ ಕಾರು ನಿಲ್ಲಿಸಿ, ಪ್ಯಾಂಟು ಮಡಚಿ, ಕಾಲಿಗೆ ಉಂಬಳ ಹತ್ತಿಸಿಕೊಂಡು ನಡೆದು ಹೋಗುವುದು ಸಾಕಾಗಿತ್ತು. ಜಿಪ್ಸಿ ತಗೊಳ್ಳಲು ಮನೆಯಲ್ಲಿ ಹೇಳಿದ ಕಾರಣ ಇದು. ಹುಡ್ ಬಿಚ್ಚಿದರೆ ಚೆಂದ ಕಾಣುತ್ತೆ ಅನ್ನುವುದು ಹೇಳದೇ ಇದ್ದ ಕಾರಣ.

ತಂದಾಗ ಅದಕ್ಕೆ ಮಿಲಿಟರಿ ಹಸಿರು ಬಳಿದಿದ್ದರು. ಆರ್‌ಸಿಯಲ್ಲಿ ಬಿಳಿ ಅಂತ ಇತ್ತು. ಆ ಹಸಿರನ್ನು ಸೇನೆಯ ಗಾಡಿ ಬಿಟ್ಟು ಬೇರೆಯವರು ಬಳಿಯುವ ಹಾಗಿಲ್ಲ, ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಇರುವುದೇ ಅದಕ್ಕೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬಳಿಸಿಕೊಂಡು ಓಡಾಡುತ್ತಾರೆ. 15 ವರ್ಷ ತುಂಬಿದ ಗಾಡಿ, ಆರ್‌ಸಿ ನವೀಕರಣಕ್ಕೆ ಆರ್‌ಟಿಒಗೆ ಒಯ್ಯಲೇಬೇಕಿತ್ತು. ಹಾಗಾಗಿ ಬಣ್ಣ ಕೆರೆಸುವುದರಿಂದಲೇ ಕೆಲಸ ಶುರುವಾಯಿತು. ಹಸಿರು ಕೆರೆದರೆ ಕೆಳಗೆ ಪುಟ್ಟಿ. ಪುಟ್ಟಿ ಕೆರೆದರೆ ಕೆಳಗೆ ಏನೂ ಇಲ್ಲ! ಸುಮ್ನೆ ಹೇಳುತ್ತಿಲ್ಲ, ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಚುಚ್ಚಿದರೆ ನೇರ ನೆಲಕ್ಕೆ ಹೋಗುತ್ತಿತ್ತು.

ತಪ್ಪು ತಗಡಿನದಲ್ಲ, ನಮ್ಮ ಹವೆಯದು. ಹುಡ್ ಸೋರಿ ಒಳಗೆ ಬಂದ ನೀರು ಮ್ಯಾಟ್ ಕೆಳಗೆ ನಿಲ್ಲುತ್ತದೆ. ಅದು ಹರಿದು ಹೋಗಲಿ ಅಂತ ನೆಲದಲ್ಲಿ ತೂತು ಇಟ್ಟಿರುತ್ತಾರೆ, ಆ ತೂತಿಗೆ ನಮ್ಮ ಕೆಂಪು ಮಣ್ಣು ತುಂಬಿ ಗಟ್ಟಿಯಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣಗುವ ಪ್ರಶ್ನೆಯೇ ಇಲ್ಲ. ಹಿಂದಿನ ಚಕ್ರದ ಹಿಂಬದಿ, ಮುಂದಿನ ಗಾಜಿನ ಫ್ರೇಮಿನ ಕೆಳ ಅಂಚು, ಬಾಡಿಯನ್ನು ಚಾಸಿಗೆ (ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಕೂರಿಸುವ ಜಾಗ, ಇಷ್ಟನ್ನೂ ತಪ್ಪದೆ ನೋಡಿ. ಸೆಕೆಂಡ್ ಹ್ಯಾಂಡ್ ಜಿಪ್ಸಿ ನೋಡಲು ಹೋಗುವವರು ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಕೆಳಗೆ ಮಲಗಲು ಒಂದು ಗೋಣಿಚೀಲ ತಗೊಂಡು ಹೋಗಿ. ನಾನು ಹೋಗಿದ್ದು ಹೊಸ ಶರ್ಟ್ ಹಾಕಿಕೊಂಡು.

ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇದೆಯಲ್ಲ, ಅಲ್ಲಿ ಬಾಡಿ ಬೇರೆ, ಚಾಸಿ ಬೇರೆ ಮಾಡಿಸಿದೆ. ಒಂದು ತಿಂಗಳು ಅಂದಿದ್ದು ಮೂರೂವರೆ ತಿಂಗಳಾಯಿತು. ನೆಲಕ್ಕೆ ಹೊಸ ತಗಡು, ಚಾಸಿಯ ಹಿಂಭಾಗಕ್ಕೆ ಎರಡು ಪ್ಯಾಚ್, ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ. ಸ್ಪ್ರಿಂಗ್ ಬುಷ್, ಕ್ಲಚ್, ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕು, ನಾಲ್ಕು ಟೈರು. 60ರ ವೇಗ ದಾಟಿದರೆ ಸ್ಟೀರಿಂಗ್ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಟೈರ್ ಬ್ಯಾಲೆನ್ಸ್ ಮಾಡಿಸಿ ಮಾಡಿಸಿ ಸಾಕಾದ ಮೇಲೆ ಗೊತ್ತಾಗಿದ್ದು, ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನ ಕಿಂಗ್ ಪಿನ್ ಬೇರಿಂಗ್ ಸವೆದಿತ್ತು ಅಂತ. ಅದನ್ನು ಹಾಕಿದ ದಿನವೇ ನಡುಕ ನಿಂತಿತು. ಒಟ್ಟು ರಿಪೇರಿ ಖರ್ಚು 2,12,000. ಗಾಡಿಯ ಬೆಲೆಗಿಂತ ಜಾಸ್ತಿ.

ಇನ್ನು ಹುಡ್. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಅಂಗಡಿಯಲ್ಲಿ 9,000 ಕೊಟ್ಟು ರೆಕ್ಸಿನ್ ಹುಡ್ ಹೊಲಿಸಿದೆ. ನೋಡಲು ಸೊಗಸಾಗಿತ್ತು, ಮೇ ತಿಂಗಳಿಡೀ ಚೆನ್ನಾಗಿತ್ತು. ಆರಿದ್ರಾ ಮಳೆ ಹಿಡಿಯಿತು ನೋಡಿ, ಹೊಲಿಗೆ ಹಾಕಿದ ಒಂದೊಂದು ಸೂಜಿ ತೂತಿನಿಂದಲೂ ನೀರು. ಹೊರಗೆ ಜೋರು ಮಳೆ, ಒಳಗೆ ಸಣ್ಣ ಮಳೆ. ಪುನರ್ವಸು ಹೊತ್ತಿಗೆ ಸೀಟಿನ ಮೇಲೆ ಬೂಷ್ಟು ಬಂತು. ಹೆಂಡತಿ ಕೊಡೆ ಬಿಚ್ಚಿಕೊಂಡು ಕೂತು ತೀರ್ಥಹಳ್ಳಿವರೆಗೆ ಬಂದಳು, ಮಾತಾಡಲಿಲ್ಲ.

ಎರಡನೆಯದನ್ನು ಹೊಲಿದವರು ಲಾರಿ ಟಾರ್ಪಾಲು ಹೊಲಿಯುವ ಹಿರಿಯರು. ಅವರು ಮಾಡಿದ ಮೊದಲ ಕೆಲಸ ಕ್ಯಾನ್ವಾಸನ್ನು ನೀರಲ್ಲಿ ನೆನೆಸಿ ಒಣಗಿಸಿದ್ದು. ಹತ್ತಿ ಬಟ್ಟೆ ನೆಂದರೆ ಕುಗ್ಗುತ್ತೆ, ಕುಗ್ಗಿದ ಮೇಲೆ ಅಳತೆ ತೆಗೀಬೇಕು ಅಂದರು. ದಾರವೂ ಹತ್ತಿಯದೇ ಬೇಕಂತೆ. ನೀರು ತಾಗಿದಾಗ ಹತ್ತಿ ದಾರ ಉಬ್ಬಿ ಸೂಜಿ ತೂತನ್ನು ತಾನೇ ಮುಚ್ಚುತ್ತದೆ, ನೈಲಾನ್ ದಾರ ಉಬ್ಬುವುದಿಲ್ಲ. ಹೊಲಿದ ಮೇಲೆ ಹೊಲಿಗೆ ಉದ್ದಕ್ಕೂ ಒಳಗೂ ಹೊರಗೂ ಮೇಣದಬತ್ತಿ ತಿಕ್ಕಿ, ಬಿಸಿಲಿಗೆ ಇಟ್ಟು ಮೇಣ ಕರಗಿ ಒಳಗಿಳಿಯುವ ಹಾಗೆ ಮಾಡಿದರು. 16,500 ರೂಪಾಯಿ. ಏಳು ವರ್ಷ ಬಂತು. ಆದರೆ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಕೂತು ಮೇಣ ತಿಕ್ಕಬೇಕು, ತಪ್ಪಿಸುವ ಹಾಗಿಲ್ಲ. ಕಿಟಕಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಎರಡು ವರ್ಷಕ್ಕೆ ಹಳದಿಯಾಗಿ, ಮೂರನೇ ವರ್ಷಕ್ಕೆ ಹಳೇ ಪುಸ್ತಕದ ಹಾಳೆ ಹಾಗೆ ಸೀಳುತ್ತದೆ.

ಬಿಚ್ಚಲು ಇಬ್ಬರಿದ್ದರೆ ಹತ್ತು ನಿಮಿಷ. ಹಾಕಲು ಒಬ್ಬರೇ ಇದ್ದು, ಕ್ಯಾನ್ವಾಸ್ ಒದ್ದೆಯಾಗಿದ್ದರೆ ಅರ್ಧ ಗಂಟೆ, ಅಷ್ಟೂ ಹೊತ್ತು ನೀವೂ ಒದ್ದೆ. ಕೊನೆಯ ಟಿಚ್ ಬಟನ್ ಒಂದಿಂಚು ದೂರದಲ್ಲೇ ನಿಂತುಬಿಡುತ್ತದೆ, ಎಳೆದರೆ ಉಗುರು ಹೋಗುತ್ತದೆ. ಪುಷ್ಯ, ಆಶ್ಲೇಷ ಮಳೆಯಲ್ಲಿ ವಾರಕ್ಕೊಮ್ಮೆ ಹಿಂದಿನ ಪರದೆ ಬಿಚ್ಚಿ ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕುತ್ತಿದ್ದೆ. ಒಣಗಲು ಬೇರೆ ದಾರಿಯೇ ಇರಲಿಲ್ಲ. ಅದಕ್ಕೇ ನನ್ನ ಗಾಡಿಗೆ ವರ್ಷವಿಡೀ ಹೊಗೆ ವಾಸನೆ. ನೋಡಲು ಬಂದ ಒಬ್ಬರು ಒಳಗೆ ಕೂತು, 'ಏನ್ ಸಾರ್, ಹಲಸಿನ ಹಪ್ಪಳ ಇಟ್ಟಿದ್ರಾ?' ಅಂದರು.

ಹಾಗಾದರೆ ಹುಡ್ ಬಿಚ್ಚಿ ಓಡಿಸಿದ್ದೆಷ್ಟು? ಲೆಕ್ಕ ಹಾಕಿದರೆ ವರ್ಷಕ್ಕೆ ಇಪ್ಪತ್ತು ದಿನ ಇರಬಹುದು. ಮಾರ್ಚ್ ಬಂದರೆ ಬಿಸಿಲು ತಲೆ ಸುಡುತ್ತದೆ, ಜೊತೆಗೆ ಧೂಳು. ಸರಿಯಾದ ಕಾಲ ಅಂದರೆ ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿವರೆಗೆ, ಬೆಳಗ್ಗೆ ಏಳರಿಂದ ಒಂಬತ್ತು. ಆ ಹೊತ್ತಲ್ಲಿ ಮಂಡಗದ್ದೆ ಕಡೆ ತುಂಗೆಯ ಪಕ್ಕದಲ್ಲೇ ಹೋಗುವ ರಸ್ತೆಯಲ್ಲಿ ಹುಡ್ ಇಲ್ಲದೆ ಹೋದರೆ, ಮಂಜು ಮುಖಕ್ಕೇ ಬಡಿಯುತ್ತದೆ, ಕಾಡಿನ ವಾಸನೆ, ಎಲ್ಲೋ ಅಡಿಕೆ ಬೇಯಿಸುವ ಹಂಡೆಯ ಚೊಗರಿನ ವಾಸನೆ, ಕಿವಿ ಮರಗಟ್ಟಿರುತ್ತದೆ, ಆದರೂ ಹುಡ್ ಹಾಕೋಣ ಅನ್ನಿಸುವುದಿಲ್ಲ. ಆ ಇಪ್ಪತ್ತು ದಿನಕ್ಕೇ ನಾನು ಏಳು ವರ್ಷ ಮೇಣ ತಿಕ್ಕಿದ್ದು.

ಓಡಿಸುವ ವಿಚಾರ. ಎಂಜಿನ್ ಬಗ್ಗೆ ಒಂದು ದೂರೂ ಇಲ್ಲ. ಎಸ್ಟೀಮ್ ಕಾರಿನ ಎಂಜಿನ್ ಕುಟುಂಬದ್ದೇ, ಮೆಕ್ಯಾನಿಕ್‌ಗಳಿಗೆ ಗೊತ್ತು, ಬಿಡಿಭಾಗಕ್ಕೆ ನಾನಂತೂ ಒದ್ದಾಡಲಿಲ್ಲ. ಗಾಡಿ ಒಂದು ಟನ್ನಿಗಿಂತ ಹಗುರ, ನೆಲದಿಂದ 210 ಮಿಲಿಮೀಟರ್ ಎತ್ತರ. ತೋಟದ ಏರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರು) ಹಾಕಿ ಎರಡನೇ ಗೇರಿನಲ್ಲಿ ಬಿಟ್ಟರೆ ಆಡು ಹತ್ತಿದ ಹಾಗೆ ಹತ್ತುತ್ತದೆ. ಮುಂದಿನ ಹಬ್ (ಚಕ್ರದ ನಡುವಿನ ಭಾಗ) ಲಾಕ್ ಮಾಡಿದ್ದೀರಾ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಹಬ್ ಫ್ರೀ ಇಟ್ಟುಕೊಂಡು ಫೋರ್ ವೀಲ್ ಹಾಕಿ ಕೆಸರಲ್ಲಿ ಹೂತು ಕೂತವರಲ್ಲಿ ನಾನೂ ಒಬ್ಬ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಹಾಗಾಗಿ ಹಿಂದೆ ಅಡ್ಡ ಸೀಟಲ್ಲಿ ಕೂತವರ ಸೊಂಟ ದೇವರಿಗೇ ಪ್ರೀತಿ. ನನ್ನದಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ. ಆಗುಂಬೆ ಘಾಟಿಯ 14 ತಿರುವು ಇಳಿದು ಹತ್ತಿದ ದಿನ ರಾತ್ರಿ ಊಟದ ಚೊಂಬು ಎತ್ತಲೂ ತೋಳು ಬೇಡ ಅನ್ನುತ್ತಿತ್ತು. ಮೈಲೇಜು ರಸ್ತೆಯಲ್ಲಿ 10, ತೋಟದ ದಾರಿ ಸೇರಿದರೆ 8. ಬಂಕಿನಲ್ಲಿ ಇ20 (ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿದೆ, ಹಳೇ ಗಾಡಿ ಇರುವವರು ಅದನ್ನು ಮುಂದೂಡಬೇಡಿ.

ಮಾರಿದ್ದು ಯಾಕೆ? ತೋಟದ ಏರಿಗೆ ಪಂಚಾಯಿತಿಯಿಂದ ಕಾಂಕ್ರೀಟ್ ಬಿತ್ತು. ಮನೆಯಲ್ಲಿ ಹೇಳಿದ ಕಾರಣ ಅಲ್ಲಿಗೆ ಮುಗಿಯಿತು.

ಜನಸಾಮಾನ್ಯರಿಗೆ ಹೊಸ ಜಿಪ್ಸಿ ಮಾರುವುದು 2019ರಲ್ಲಿ ನಿಂತ ಮೇಲೆ ಚೆನ್ನಾಗಿಟ್ಟ ಹಳೇ ಗಾಡಿಗೆ ಬೇಡಿಕೆ ಬಂದಿದೆ, ನಿಜ. ಆದರೆ ಬೇಡಿಕೆ ಬೇರೆ, ಕೊಳ್ಳುವವರು ಬೇರೆ. 4,00,000 ಅಂತ ಹೇಳಿದೆ. ಬೆಂಗಳೂರಿಂದ ಬಂದ ಹುಡುಗರು ಚಾಸಿ ಕಡೆ ತಿರುಗಿಯೂ ನೋಡಲಿಲ್ಲ, ಮಿಲಿಟರಿ ಹಸಿರು ಬಳಿಸಿ ಕೊಡ್ತೀರಾ ಅಂತ ಕೇಳಿದರು. ಮದುವೆ ಫೋಟೋ ತೆಗೆಯುವವರೊಬ್ಬರಿಗೆ ಗಾಡಿ ಬೇಡ, ಪ್ರೀ ವೆಡ್ಡಿಂಗ್ ಶೂಟಿಗೆ ದಿನಕ್ಕೆ ಬಾಡಿಗೆಗೆ ಬೇಕಂತೆ. ಹೋಮ್‌ಸ್ಟೇಯವರೊಬ್ಬರು ಪ್ರವಾಸಿಗರನ್ನು ಕೂರಿಸಿಕೊಂಡು ಗುಡ್ಡ ಹತ್ತಿಸಲು ಕೇಳಿದರು. ಬಿಳಿ ಬೋರ್ಡಿನ ಗಾಡಿಯಲ್ಲಿ ದುಡ್ಡು ತಗೊಂಡು ಜನ ಸಾಗಿಸುವ ಹಾಗಿಲ್ಲ, ಏನಾದರೂ ಆದರೆ ಇನ್ಶೂರೆನ್ಸ್ ಕಥೆ ಏನು? ಬೇಡ ಅಂದೆ. ರಿಪೇರಿಯ ಬಿಲ್ಲುಗಳನ್ನು, ಬಾಡಿ ಎತ್ತಿದಾಗ ತೆಗೆದ ಫೋಟೋಗಳನ್ನು ಒಂದು ಫೈಲ್ ಮಾಡಿ ಇಟ್ಟಿದ್ದೆ. ಬಂದವರಲ್ಲಿ ಅದನ್ನು ಬಿಚ್ಚಿ ನೋಡಿದವರು ಕಡಿಮೆ. ಬಾನೆಟ್ ಮೇಲೆ ಬೆರಳಾಡಿಸಿ ಹೊಳಪು ನೋಡಿದವರೇ ಜಾಸ್ತಿ. ಹೊಳಪಿಗೆ ನಾನು ಖರ್ಚು ಮಾಡಿದ್ದು ಅತಿ ಕಡಿಮೆ.

ಕೊನೆಗೆ ಬಂದವರು ಹೊಸನಗರ ಕಡೆಯ ಅಡಿಕೆ ಬೆಳೆಗಾರರು, ಅರವತ್ತು ದಾಟಿದವರು. ಗಾಡಿ ಸುತ್ತ ಒಂದು ಸಲ ಬಂದರು. ಗೋಣಿಚೀಲ ಕೇಳಿ ತಗೊಂಡು ಕೆಳಗೆ ಮಲಗಿದರು, ಕಾಲು ಗಂಟೆ ಹೊರಗೆ ಬರಲೇ ಇಲ್ಲ. ಎದ್ದು ಬೆನ್ನು ಕೊಡವಿಕೊಂಡು, 'ಹುಡ್ ಹಾಕೋಕೆ ಎಷ್ಟು ಹೊತ್ತು?' ಅಂದರು. ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಆಮೇಲೆ, 'ಪೈಪ್ ಇದೆಯಾ?' ಅಂದರು. ಸೀಟುಗಳ ಮೇಲೆಲ್ಲ ದಿನಪತ್ರಿಕೆ ಹರಡಿ, ತಾವು ಒಳಗೆ ಕೂತು ಬಾಗಿಲು ಹಾಕಿಕೊಂಡು, ಹುಡ್ ಮೇಲೆ ಹತ್ತು ನಿಮಿಷ ನೀರು ಬಿಡಲು ಹೇಳಿದರು. ಬಿಟ್ಟೆ. ಇಳಿದು ಬಂದು ಒಂದೊಂದೇ ಹಾಳೆ ಬೆಳಕಿಗೆ ಹಿಡಿದು ನೋಡಿದರು. ಎಡಗಡೆ ಹಿಂದಿನ ಮೂಲೆಯ ಹಾಳೆಯಲ್ಲಿ ಎರಡು ಹನಿ. 'ಹನಿಗೆ ಐದು ಸಾವಿರ ಕಳೀರಿ' ಅಂದರು. 3,80,000ಕ್ಕೆ ನಿಂತಿದ್ದ ಮಾತು 3,70,000ಕ್ಕೆ ಮುಗಿಯಿತು.

ಲೆಕ್ಕ ಕೇಳುವವರಿಗೆ: ಗಾಡಿ, ರಿಪೇರಿ, ಎರಡು ಹುಡ್ ಸೇರಿ ಹೋಗಿದ್ದು 4,32,500. ಇದರಲ್ಲಿ ಪೆಟ್ರೋಲ್, ಇನ್ಶೂರೆನ್ಸ್, ಆರ್‌ಸಿ ನವೀಕರಣ ಇಲ್ಲ. ನವೀಕರಣದ ಶುಲ್ಕ ಮೊದಲ ಸಲ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, ಹಸಿರು ತೆರಿಗೆ ಬೇರೆ.

ಕಾಗದದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಮಾಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೈಗೆ ಕೊಟ್ಟು ಮರೆತುಬಿಡುವುದು ನಮ್ಮಲ್ಲಿ ರೂಢಿ. ರಾಜ್ಯದ ಒಳಗೆ ಮಾರಿದರೆ 14 ದಿನದೊಳಗೆ ಮಾರಿದವರೇ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಾನು ಹೊಸನಗರದವರ ಜೊತೆಯಲ್ಲೇ ಹೋಗಿ, ಅರ್ಜಿ ಹಾಕಿಸಿ, ರಸೀದಿಯ ಫೋಟೋ ತೆಗೆದುಕೊಂಡ ಮೇಲೆ ಎರಡನೇ ಕೀ ಕೊಟ್ಟೆ. ಡ್ಯಾಶ್‌ಬೋರ್ಡ್‌ನಲ್ಲಿದ್ದ ಅರ್ಧ ಮೇಣದಬತ್ತಿಯನ್ನೂ ಕೊಟ್ಟೆ.

ಮೊನ್ನೆ ಫೋನ್ ಮಾಡಿದ್ದರು. ಆರ್‌ಸಿ ಅವರ ಹೆಸರಿಗೆ ಬಂತಂತೆ. ಎಡಗಡೆ ಮೂಲೆಗೆ ಮೇಣ ತಿಕ್ಕಿ ಮತ್ತೆ ಪೈಪ್ ಹಿಡಿಸಿ ನೋಡಿದರಂತೆ, ಈಗ ಒಂದೇ ಹನಿ ಅಂದರು. ಹಾಗಾದರೆ ನನಗೆ ಐದು ಸಾವಿರ ವಾಪಸ್ ಬರಬೇಕು ಅಂದೆ. ಸಿಗ್ನಲ್ ಇಲ್ಲ, ಕೇಳಿಸ್ತಾ ಇಲ್ಲ ಅಂತ ಫೋನ್ ಇಟ್ಟುಬಿಟ್ಟರು.