ಕಾಫಿ ಗ್ರೈಂಡರಿನ ಒಳಗೆ ನೀರು ಬಿಡಬೇಡಿ: ನನ್ನದು ಹಾಳಾದ ಬಗೆ

ನಿಮ್ಮ ಮನೆಯಲ್ಲಿ ಕೈಯಿಂದ ತಿರುಗಿಸುವ ಒಳ್ಳೆಯ ಕಾಫಿ ಗ್ರೈಂಡರ್ ಇದ್ದರೆ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತೊಳೆಯಬಹುದು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ಅದರ ಒಳಭಾಗಕ್ಕೆ ನೀರು ತಾಗಿಸಬೇಡಿ. ಬಿಚ್ಚಿ ಜೋಡಿಸಿದ ಮೇಲೆ, ಪುಡಿಯ ಹದ ಹೊಂದಿಸುವ ಬಿಲ್ಲೆಯ ಹಳೆಯ ಅಂಕಿಯನ್ನೇ ನಂಬಿ ಬೀಜ ಸುರಿಯಬೇಡಿ. ಈ ಎರಡು ತಪ್ಪನ್ನೂ ನಾನು ಒಂದೇ ವಾರದಲ್ಲಿ ಮಾಡಿದೆ. ಬಹಳ ದಿನ ಹಣ ಕೂಡಿಟ್ಟು ಕೊಂಡಿದ್ದ ಯಂತ್ರ, ಒಂದು ವರ್ಷ ತುಂಬುವ ಮೊದಲೇ ಅದರ ಹಲ್ಲು ಸವೆದುಹೋಯಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಸುಮಾರು ಹತ್ತು ದಿನ ಮನೆಯವರೆಲ್ಲ ಉಕ್ಕಿನ ಪುಡಿ ಬೆರೆತ ಕಾಫಿ ಕುಡಿದೆವು ಎಂಬುದು.

ಮೊದಲು ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ತಪ್ಪು ಎಲ್ಲಿ ಆಯಿತು ಎಂದು ತಿಳಿಯುವುದಿಲ್ಲ. ದುಬಾರಿ ಕೈ ಗ್ರೈಂಡರ್ ಹೊರಗಿನಿಂದ ನೋಡಲು ಒಂದು ಲೋಹದ ಕೊಳವೆ, ಮೇಲೊಂದು ಹಿಡಿಕೆ, ಅಷ್ಟೇ. ನಾವು ಹಣ ಕೊಡುವುದು ಒಳಗಿನ ನಿಖರತೆಗೆ. ಒಳಗೆ ಶಂಕುವಿನ ಆಕಾರದ ಉಕ್ಕಿನ ಹಲ್ಲಿನ ತುಂಡೊಂದು ಹಿಡಿಕೆಯ ಜೊತೆ ತಿರುಗುತ್ತದೆ. ಅದರ ಸುತ್ತ ಹಲ್ಲಿರುವ ಇನ್ನೊಂದು ಉಂಗುರ ಅಲುಗದೆ ಕುಳಿತಿರುತ್ತದೆ. ಇವೆರಡನ್ನೂ ಬರ್ ಎನ್ನುತ್ತಾರೆ. ಹಲವು ಮಾದರಿಗಳಲ್ಲಿ ಇವುಗಳ ಅಗಲ 38 ರಿಂದ 48 ಮಿಲಿಮೀಟರ್. ನಡುವಿನ ಕಂಬವನ್ನು ಮೇಲೊಂದು ಕೆಳಗೊಂದು ಬೇರಿಂಗ್ ಬಿಗಿಯಾಗಿ ಹಿಡಿದಿರುತ್ತವೆ. ಹೊಂದಿಸುವ ಬಿಲ್ಲೆಯನ್ನು ಒಂದು ಕ್ಲಿಕ್ ತಿರುಗಿಸಿದರೆ ಶಂಕು ಏರುವ ಅಥವಾ ಇಳಿಯುವ ದೂರ ಕೆಲವು ಮಾದರಿಗಳಲ್ಲಿ ಸುಮಾರು 30 ಮೈಕ್ರಾನ್, ಇನ್ನು ಕೆಲವು ಮಾದರಿಗಳಲ್ಲಿ 10 ಮೈಕ್ರಾನಿಗಿಂತಲೂ ಕಡಿಮೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ಒಂದು ಕೂದಲೆಳೆಯಷ್ಟು ಓರೆಯಾದರೂ ಪುಡಿಯ ಹದ ಕೆಡುತ್ತದೆ. ಇಷ್ಟು ಸೂಕ್ಷ್ಮವಾದ ವಸ್ತುವನ್ನು ನಾನು ಬೀಸುವ ಕಲ್ಲನ್ನು ತೊಳೆದ ಹಾಗೆ ತೊಳೆದೆ.

ಇದೆಲ್ಲ ಶುರುವಾದದ್ದು ನೀರಿನ ಹನಿಯಿಂದ. ಬೀಜ ಅರೆಯುವಾಗ ಉಜ್ಜಾಟದಿಂದ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಪುಡಿ ಡಬ್ಬಿಯ ಗೋಡೆಗೆ ಅಂಟುತ್ತದೆ, ಮುಚ್ಚಳ ತೆಗೆದರೆ ಮೇಜಿನ ಮೇಲೆಲ್ಲ ಹಾರುತ್ತದೆ. ಅರೆಯುವ ಮೊದಲು ಬೀಜಕ್ಕೆ ಒಂದೆರಡು ಹನಿ ನೀರು ತಾಗಿಸಿದರೆ ಇದು ಬಹಳ ಕಡಿಮೆಯಾಗುತ್ತದೆ. ಕಾಫಿ ಪ್ರಿಯರು ಎಷ್ಟೋ ಕಾಲದಿಂದ ಮಾಡಿಕೊಂಡು ಬಂದ ಉಪಾಯ ಇದು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನು ಎತ್ತಿಹಿಡಿಯಿತು. ಉಪಾಯದಲ್ಲಿ ದೋಷವಿಲ್ಲ, ನಾನು ಅಳತೆ ಮೀರಿದೆ. ಬೀಜವನ್ನು ಬಟ್ಟಲಿನಲ್ಲಿ ಹಾಕಿ ಒದ್ದೆ ಚಮಚದ ಹಿಡಿಯಿಂದ ಕಲಕುವ ಬದಲು, ಸಿಂಪಡಿಸುವ ಬಾಟಲಿಯನ್ನು ಗ್ರೈಂಡರಿನ ಬಾಯಿಗೇ ಹಿಡಿದು ನಾಲ್ಕೈದು ಸಲ ಒತ್ತುತ್ತಿದ್ದೆ. ಅರೆದಾದ ಮೇಲೆ ಮುಚ್ಚಳ ಹಾಕಿ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದೆ. ಒಳಗಿನ ತೇವಕ್ಕೆ ಹೊರಹೋಗುವ ದಾರಿಯೇ ಇರಲಿಲ್ಲ.

ಕೆಲವು ತಿಂಗಳಿಗೆ ಕಂಪು ಬದಲಾಯಿತು. ಹಳೆಯ ಎಣ್ಣೆಯ ಡಬ್ಬಿ ತೆರೆದಾಗ ಬರುತ್ತದಲ್ಲ, ಅಂಥ ಕಮಟು ವಾಸನೆ. ಅರೇಬಿಕಾ ಬೀಜದ ತೂಕದಲ್ಲಿ ಸುಮಾರು ಶೇಕಡಾ 15ರಷ್ಟು ಎಣ್ಣೆಯಂಶ ಇರುತ್ತದೆ. ಕಪ್ಪಗೆ ಹುರಿದರೆ ಆ ಜಿಡ್ಡು ಬೀಜದ ಮೇಲ್ಮೈಗೇ ಬರುತ್ತದೆ. ನಾನು ಆಗ ತರುತ್ತಿದ್ದದ್ದು ಅಂಥ ಮಿರಮಿರ ಮಿಂಚುವ ಬೀಜವನ್ನೇ. ಜಿಡ್ಡಿಗೆ ನುಣ್ಣನೆಯ ಪುಡಿ ಸೇರಿ, ಅದಕ್ಕೆ ನಾನು ಸಿಂಪಡಿಸಿದ ನೀರೂ ಸೇರಿ, ಹಲ್ಲುಗಳ ಸಂದಿನಲ್ಲಿ ಕಂದು ಬಣ್ಣದ ಮೇಣದಂತೆ ಗಟ್ಟಿಯಾಗಿತ್ತು. ಬ್ರಷ್ಷಿಗೆ ಅದು ಬಗ್ಗಲಿಲ್ಲ. ಒಂದು ಭಾನುವಾರ ಎಲ್ಲವನ್ನೂ ಬಿಚ್ಚಿ ಬಿಸಿನೀರು, ಸೋಪು ಹಾಕಿ ಉಜ್ಜಿದೆ. ಸ್ಟೇನ್‌ಲೆಸ್ ಸ್ಟೀಲ್ ತಾನೇ, ತುಕ್ಕು ಹಿಡಿಯುವುದಿಲ್ಲ ಎಂಬ ಧೈರ್ಯ ನನಗೆ.

ಆ ಧೈರ್ಯ ತಪ್ಪು. ಸ್ಟೇನ್‌ಲೆಸ್ ಎಂದರೆ ತುಕ್ಕು ಹಿಡಿಯುವುದು ತಡ ಎಂದೇ ಹೊರತು ಹಿಡಿಯುವುದೇ ಇಲ್ಲ ಎಂದಲ್ಲ. ಉಕ್ಕಿಗೆ ರಕ್ಷಣೆ ಕೊಡುವುದು ಅದರಲ್ಲಿರುವ ಕ್ರೋಮಿಯಂ. ಬರ್ ಮಾತ್ರ ಹರಿತವಾಗಿರಬೇಕು, ಬೇಗ ಸವೆಯಬಾರದು. ಅದಕ್ಕಾಗಿ ಇಂಗಾಲ ಹೆಚ್ಚಿರುವ ಉಕ್ಕನ್ನು ಕಾಯಿಸಿ ಗಡಸು ಮಾಡಿರುತ್ತಾರೆ. ಊಟದ ತಟ್ಟೆಯ ಉಕ್ಕು ನೀರನ್ನು ತಾಳುವಷ್ಟು ಈ ಉಕ್ಕು ತಾಳುವುದಿಲ್ಲ. ಒಳ್ಳೆಯ ಚಾಕುವನ್ನು ರಾತ್ರಿಯಿಡೀ ಒದ್ದೆಯಾಗಿ ಬಿಟ್ಟರೆ ಬೆಳಗ್ಗೆ ಅಲಗಿನ ಮೇಲೆ ಕಂದು ಚುಕ್ಕೆ ಕಾಣುವುದೂ ಇದೇ ಕಾರಣಕ್ಕೆ. ಬೇರಿಂಗಿನ ಪಾಡು ಇನ್ನೂ ಕೆಟ್ಟದ್ದು. ಅದರೊಳಗಿನ ಗುಂಡುಗಳಿಗೆ ಗ್ರೀಸ್ ಸವರಿರುತ್ತದೆ. ಸೋಪು ಆ ಗ್ರೀಸನ್ನು ಕರಗಿಸಿ, ಅದರ ಜಾಗದಲ್ಲಿ ನೀರನ್ನು ಕೂರಿಸಿತು. ಮೇಲಿನಿಂದ ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಗುಂಡುಗಳ ನಡುವಿನ ನೀರು ಬಟ್ಟೆಗೆ ಸಿಗುವುದಿಲ್ಲ.

ಎರಡು ಗಂಟೆ ಗಾಳಿಗೆ ಇಟ್ಟೆ. ಒಣಗಿತು ಅನ್ನಿಸಿತು. ಜೋಡಿಸಿದೆ.

ಎರಡನೆಯ ತಪ್ಪು ಈ ಜೋಡಿಸುವ ಗಳಿಗೆಯಲ್ಲಿ ಆದದ್ದು. ಹೊರಗಿನ ಉಂಗುರ ಕೂರುವ ಕುಳಿಯ ಅಂಚಿನಲ್ಲಿ ಎಳ್ಳಿನಷ್ಟು ಸಣ್ಣದೊಂದು ಕಾಫಿಯ ಚೂರು ಉಳಿದಿತ್ತು. ನಾನು ನೋಡಲಿಲ್ಲ. ಉಂಗುರವನ್ನು ಅದರ ಮೇಲೇ ಕೂರಿಸಿ ಮೂರೂ ಸ್ಕ್ರೂ ಬಿಗಿದೆ. ಉಂಗುರ ಒಂದು ಬದಿಗೆ ಎತ್ತರವಾಗಿ ಕುಳಿತಿತು. ಬಿಲ್ಲೆಯನ್ನು ನನ್ನ ಎಂದಿನ ಅಂಕಿಗೆ ತಿರುಗಿಸಿದೆ. ಉಂಗುರ ಓರೆಯಾಗಿದ್ದರೂ ಬಿಲ್ಲೆಯ ಮೇಲಿನ ಅಂಕಿ ಮೊದಲಿನಂತೆಯೇ ಕಾಣುತ್ತದೆ. ಹಲ್ಲಿಗೆ ಹಲ್ಲು ತಾಗುತ್ತಿದೆಯೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ.

ಮರುದಿನ ಬೆಳಗ್ಗೆ ತಿರುಗಿಸುವಾಗ ಕರಕರ ಎಂಬ ಸದ್ದಿನ ಜೊತೆಗೆ ಇನ್ನೊಂದು ಸದ್ದು ಸೇರಿತ್ತು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬರುವ, ಚಾಕುವನ್ನು ಸಾಣೆಗೆ ತಾಗಿಸಿದಂಥ ತೆಳ್ಳನೆಯ "ಕಿರ್". ಅಡುಗೆಮನೆಯಲ್ಲಿದ್ದ ಅಕ್ಕ ತಿರುಗಿ ನೋಡಿ, "ಈ ಸದ್ದು ಬೇರೆಯಾಗಿದೆಯಲ್ಲೋ, ನಿಲ್ಲಿಸಿ ಒಮ್ಮೆ ನೋಡು" ಎಂದಳು. ತೊಳೆದಿದ್ದೇನೆ, ಎರಡು ದಿನ ತಿರುಗಿಸಿದರೆ ಸರಿಹೋಗುತ್ತದೆ ಎಂದೆ. ಅವಳ ಮಾತನ್ನು ಆಗಲೇ ಕೇಳಿದ್ದರೆ ಬರ್ ಉಳಿಯುತ್ತಿತ್ತು. ಬೀಜ ಮುಗಿದು ಹಿಡಿಕೆ ಹಗುರವಾದ ಮೇಲೂ ಆ ಸದ್ದು ನಿಲ್ಲುತ್ತಿರಲಿಲ್ಲ. ಖಾಲಿ ಗ್ರೈಂಡರ್ ಸದ್ದು ಮಾಡಿದರೆ ಅದು ಬೀಜದ ಸದ್ದಲ್ಲ, ಉಕ್ಕಿಗೆ ಉಕ್ಕು ತಾಗುವ ಸದ್ದು. ಇಷ್ಟು ನೇರವಾದ ಗುರುತನ್ನು ಹತ್ತು ದಿನ ಕಡೆಗಣಿಸಿದೆ.

ಈ ನಡುವೆ ಕಾಫಿಯ ರುಚಿಯೂ ಕೆಟ್ಟಿತು. ಒಂದೇ ಲೋಟದಲ್ಲಿ ಹುಳಿಯೂ ಇರುತ್ತಿತ್ತು, ನಾಲಿಗೆ ಒಣಗಿಸುವ ಕಹಿಯೂ ಇರುತ್ತಿತ್ತು. ಶಂಕು ಒಂದು ಬದಿಯಲ್ಲಿ ಉಂಗುರಕ್ಕೆ ತಾಗಿ, ಇನ್ನೊಂದು ಬದಿಯಲ್ಲಿ ದೂರವಿದ್ದರೆ ಒಂದೇ ಹಿಡಿ ಬೀಜದಲ್ಲಿ ತರಿಯೂ ಬರುತ್ತದೆ, ಧೂಳೂ ಬರುತ್ತದೆ. ಧೂಳಿನಿಂದ ಕಹಿ ಬೇಗ ಇಳಿಯುತ್ತದೆ, ತರಿಯ ಸಾರ ಅರ್ಧ ಒಳಗೇ ಉಳಿಯುತ್ತದೆ. ನಾನು ಬೀಜವನ್ನು ದೂರಿದೆ, ನೀರಿನ ಬಿಸಿಯನ್ನು ದೂರಿದೆ. ಪುಡಿ ಇನ್ನೂ ನುಣ್ಣಗಾಗಲಿ ಎಂದು ಬಿಲ್ಲೆಯನ್ನು ಮತ್ತೂ ಎರಡು ಕ್ಲಿಕ್ ಬಿಗಿ ಮಾಡಿದೆ. ತಾಗುತ್ತಿದ್ದ ಹಲ್ಲನ್ನು ಇನ್ನಷ್ಟು ಒತ್ತಿದಂತಾಯಿತು.

ಗೊತ್ತಾದದ್ದು ಬಿಳಿ ಹಾಳೆಯಿಂದ. ಡಬ್ಬಿಯ ತಳವನ್ನು ಹಾಳೆಯ ಮೇಲೆ ತಟ್ಟಿದೆ. ಕಂದು ಪುಡಿಯ ನಡುವೆ ಬೂದು ಬಣ್ಣದ ಕಣಗಳು ಬೆಳಕಿಗೆ ಮಿನುಗಿದವು. ಹಾಳೆಯ ಅಡಿಯಲ್ಲಿ ಅಯಸ್ಕಾಂತ ಹಿಡಿದು ಮೆಲ್ಲಗೆ ಎಳೆದೆ. ಕಾಫಿ ಪುಡಿ ಇದ್ದಲ್ಲೇ ಇತ್ತು. ಬೂದು ಕಣಗಳು ಮಾತ್ರ ಮುಳ್ಳಿನಂತೆ ಎದ್ದು ನಿಂತು, ಅಯಸ್ಕಾಂತ ಹೋದ ಕಡೆಗೆ ಸಾಲಾಗಿ ನಡೆದವು. ಆ ಕ್ಷಣ ಕೈಕಾಲು ತಣ್ಣಗಾಯಿತು. ಅಮ್ಮನಿಗೆ ಅದೇ ಬೆಳಗ್ಗೆ ಎರಡು ಲೋಟ ಕೊಟ್ಟಿದ್ದೆ.

ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಶಂಕುವಿನ ಕೆಳ ಅಂಚಿನ ಹಲ್ಲುಗಳ ತುದಿ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಎಸೆಯುವುದಿಲ್ಲ, ಕಪ್ಪಗೇ ಕಾಣುತ್ತದೆ. ಸವೆದದ್ದು ಮಾತ್ರ ಬೆಳ್ಳಿಯ ಗೆರೆಯಂತೆ ಮಿಂಚುತ್ತದೆ. ಹೊರ ಉಂಗುರದಲ್ಲಿ ಆ ಗೆರೆ ಅರ್ಧ ಸುತ್ತಿಗಷ್ಟೇ ಇತ್ತು, ಓರೆಯಾಗಿ ಕುಳಿತ ಬದಿಗೆ ಮಾತ್ರ. ಉಂಗುರ ಎತ್ತಿದಾಗ ಅಡಿಯಲ್ಲಿ ಆ ಕಾಫಿ ಚೂರು ಅಪ್ಪಚ್ಚಿಯಾಗಿ ಅಂಟಿಕೊಂಡಿತ್ತು. ಕೆಳಗಿನ ಬೇರಿಂಗಿನ ಸುತ್ತ ಕೆಂಪು ತುಕ್ಕು. ಬೆರಳಿನಲ್ಲಿ ತಿರುಗಿಸಿದರೆ ಮರಳು ತುಂಬಿದಂತೆ ಗರಗರ ಎಂದಿತು.

ತಯಾರಕರಿಗೆ ಚಿತ್ರಗಳ ಸಮೇತ ಬರೆದೆ. ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲ ಎಂದು ಉತ್ತರ ಬಂತು. ಕೈಪಿಡಿ ತೆಗೆದು ನೋಡಿದರೆ, ಒಳಭಾಗವನ್ನು ತೊಳೆಯಬಾರದು ಎಂದು ಅದರ ಎರಡನೆಯ ಪುಟದಲ್ಲೇ ಇದೆ. ಅವರ ಮೇಲೆ ನನಗೆ ದೂರಿಲ್ಲ. ಬರ್ ಜೋಡಿ ಮತ್ತು ಬೇರಿಂಗುಗಳನ್ನು ಹಣ ಕೊಟ್ಟು ತರಿಸಿಕೊಂಡೆ. ಅವು ಬರುವವರೆಗೆ ಮನೆಯಲ್ಲಿ ಯಾರೂ ಕಾಫಿಯ ಮಾತೆತ್ತಲಿಲ್ಲ, ಅದೂ ನನಗೆ ನೋವಾಗಿಯೇ ಇತ್ತು.

ಈಗ ನಾನು ಮಾಡುವುದನ್ನು ಹೇಳುತ್ತೇನೆ. ದಿನವೂ ಅರೆದಾದ ಮೇಲೆ ಗ್ರೈಂಡರನ್ನು ಬೋರಲು ಹಿಡಿದು ತಟ್ಟಿ, ರಬ್ಬರ್ ಗಾಳಿಚೆಂಡಿನಿಂದ ಊದಿ, ಮುಚ್ಚಳ ತೆರೆದಿಟ್ಟು ಬಿಡುತ್ತೇನೆ. ವಾರಕ್ಕೊಮ್ಮೆ ಒಣ ಬ್ರಷ್. ಜಿಡ್ಡು ಗಟ್ಟಿಯಾಗಿದ್ದರೆ ಹಲ್ಲಿನ ಸಂದಿ ಕೆದಕುವ ಮರದ ಕಡ್ಡಿಯಿಂದ (ಟೂತ್‌ಪಿಕ್) ಸಂದು ಸಂದನ್ನೂ ಕೆರೆಯುತ್ತೇನೆ. ಬೇಸರದ ಕೆಲಸವೇ, ಆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎಣ್ಣೆ ಮಿಂಚುವ ಬೀಜ ತರುವುದನ್ನು ಕಡಿಮೆ ಮಾಡಿದೆ. ಅಕ್ಕಿ ಹಾಕಿ ಅರೆದರೆ ಶುದ್ಧವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹಸಿ ಅಕ್ಕಿ ಹುರಿದ ಕಾಫಿ ಬೀಜಕ್ಕಿಂತ ಗಟ್ಟಿ, ಕೈ ಗ್ರೈಂಡರಿಗೆ ಅದು ಬೇಡ. ನೀರಿನ ಉಪಾಯ ಬೇಕೆಂದರೆ ಬೀಜವನ್ನು ಬೇರೆ ಬಟ್ಟಲಿನಲ್ಲಿ ಒಂದು ಹನಿಯಿಂದ ತೋಯಿಸಿ ಕಲಕಿ, ಆಮೇಲೆ ಸುರಿಯಿರಿ. ತಯಾರಕರು ಬೇಡ ಎಂದಿದ್ದರೆ ಅದನ್ನೂ ಬಿಡಿ.

ಬಿಚ್ಚಲೇಬೇಕಾದಾಗ ಬಿಳಿ ಬಟ್ಟೆ ಹಾಸಿ, ತೆಗೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಟ್ಟು, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇನೆ. ವಾಷರಿನ ಯಾವ ಮುಖ ಮೇಲಿತ್ತು ಎಂಬುದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಉಂಗುರ ಕೂರಿಸುವ ಮೊದಲು ಕುಳಿಯ ಸುತ್ತ ಬೆರಳು ಆಡಿಸುತ್ತೇನೆ. ಕಣ್ಣಿಗೆ ಕಾಣದ ಚೂರು ಬೆರಳಿಗೆ ಸಿಗುತ್ತದೆ. ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತೇನೆ.

ಅನಂತರ ಶೂನ್ಯ ಹುಡುಕಬೇಕು. ಇದನ್ನು ದಯವಿಟ್ಟು ಬಿಡಬೇಡಿ. ಒಂದು ಬೀಜವೂ ಇಲ್ಲದ ಗ್ರೈಂಡರನ್ನು ಅಡ್ಡವಾಗಿ ಹಿಡಿದು ಹಿಡಿಕೆಯನ್ನು ಮೇಲಕ್ಕೆತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ಬಿಲ್ಲೆಯನ್ನು ಒಂದೊಂದೇ ಕ್ಲಿಕ್ ಬಿಗಿ ಮಾಡುತ್ತಾ ಬನ್ನಿ. ಹಿಡಿಕೆ ಬೀಳದೆ ನಿಂತ ಜಾಗವೇ ಶೂನ್ಯ, ಅಂದರೆ ಹಲ್ಲಿಗೆ ಹಲ್ಲು ತಾಗುವ ಜಾಗ. ಅಲ್ಲಿಂದಾಚೆ ಬಲ ಹಾಕಿ ಬಿಗಿಯಬೇಡಿ. ನಿಮಗೆ ಬೇಕಾದ ಹದವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ. ಮೊದಲು ಶೂನ್ಯ ಎಲ್ಲಿತ್ತೋ ಅದಕ್ಕಿಂತ ತುಂಬಾ ದೂರ ಸರಿದಿದ್ದರೆ ಜೋಡಣೆಯಲ್ಲಿ ಏನೋ ತಪ್ಪಿದೆ ಎಂದು ತಿಳಿದು ಮತ್ತೆ ಬಿಚ್ಚಿ.

ಇನ್ನೆರಡು ಅಪಾಯಗಳು ನನಗೆ ಆಗಿಲ್ಲವಾದರೂ ಹೇಳಬೇಕು. ಬೀಜದಲ್ಲಿ ಕೆಲವೊಮ್ಮೆ ಸಣ್ಣ ಕಲ್ಲು ಇರುತ್ತದೆ. ಹಿಡಿಕೆ ಥಟ್ಟನೆ ನಿಂತರೆ ಒತ್ತಬೇಡಿ, ಹಿಂದಕ್ಕೆ ತಿರುಗಿಸಿ, ಬಿಲ್ಲೆ ಸಡಿಲಿಸಿ, ಬೋರಲು ಹಾಕಿ ಕಲ್ಲು ತೆಗೆಯಿರಿ. ತಿಳಿಯಾಗಿ ಹುರಿದ ಬೀಜವನ್ನು ಎಸ್ಪ್ರೆಸೊ ಕಾಫಿಗೆ ಬೇಕಾದ ತುಂಬಾ ನುಣ್ಣನೆಯ ಹದಕ್ಕೆ ಅರೆಯುವಾಗ ಮಣಿಕಟ್ಟು ನೋಯುತ್ತದೆಂದು ಡ್ರಿಲ್ ಯಂತ್ರ ಸಿಕ್ಕಿಸುವವರಿದ್ದಾರೆ. ಕೈಯ ವೇಗಕ್ಕೆ ಮಾಡಿದ ಕಂಬ ಡ್ರಿಲ್ಲಿನ ಅಡ್ಡ ಒತ್ತಡವನ್ನು ತಾಳುವುದಿಲ್ಲ, ಕಲ್ಲು ಸಿಕ್ಕಿದರೆ ಡ್ರಿಲ್ಲಿಗೆ ತಿಳಿಯುವುದೂ ಇಲ್ಲ. ಗ್ರೈಂಡರನ್ನು ಸ್ವಲ್ಪ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಬೀಜ ಕಡಿಮೆ ಕಡಿಮೆ ಇಳಿಯುವುದರಿಂದ ಹಿಡಿಕೆ ಹಗುರವಾಗುತ್ತದೆ.

ನಿಮ್ಮ ಗ್ರೈಂಡರನ್ನು ಈಗಾಗಲೇ ತೊಳೆದಿದ್ದರೆ ಇವತ್ತೇ ಬಿಳಿ ಹಾಳೆ, ಅಯಸ್ಕಾಂತ ಹಿಡಿದು ನೋಡಿ. ಅಯಸ್ಕಾಂತವನ್ನು ಪುಡಿಗೆ ನೇರವಾಗಿ ತಾಗಿಸಬೇಡಿ. ಸ್ಥಿರ ವಿದ್ಯುತ್ತಿಗೆ ಕಾಫಿ ಪುಡಿಯೂ ಅಂಟಿಕೊಂಡು ಗೊಂದಲವಾಗುತ್ತದೆ. ಹಾಳೆಯ ಅಡಿಯಿಂದ ಎಳೆಯಿರಿ. ಬೂದು ಕಣ ನಡೆದರೆ ಆ ಪುಡಿಯನ್ನು ಚೆಲ್ಲಿ, ಬಿಲ್ಲೆಯನ್ನು ಸಡಿಲಿಸಿ, ಬಿಚ್ಚಿ ನೋಡುವವರೆಗೆ ಹಿಡಿಕೆಯನ್ನು ಒಂದು ಸುತ್ತೂ ತಿರುಗಿಸಬೇಡಿ.