ಕಾಲಲ್ಲೂ ತುಳಿಯಬಹುದಾದ ಮೋಟಾರು ಹೊಲಿಗೆ ಮಿಷನ್: ಎರಡು ವರ್ಷ ಬಳಸಿದ ಮೇಲೆ

ಹೊಲದ ದುಡ್ಡು ಕಟಾವಿನ ಹೊತ್ತಿಗೆ ಒಂದೇ ಸಲ ಬರುತ್ತದೆ. ಖರ್ಚು ಹಾಗಲ್ಲ, ವಾರವಾರವೂ ಇರುತ್ತದೆ. ಆ ನಡುವಿನ ತಿಂಗಳುಗಳಿಗಾಗಿಯೇ ನಾನು ಈ ಮಿಷನ್ ತಗೊಂಡೆ. ಕೆಳಗೆ ಕಬ್ಬಿಣದ ಸ್ಟ್ಯಾಂಡು, ಪೆಡಲು, ಚರ್ಮದ ಬೆಲ್ಟು. ಪಕ್ಕಕ್ಕೆ ಚಿಕ್ಕ ಮೋಟಾರು.

ತುಂಬ ಹಿಡಿಸಿದ್ದು ಅಂದರೆ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಮೋಟಾರಿನ ಬೆಲ್ಟ್ ಬಿಚ್ಚಿ ಚರ್ಮದ ಬೆಲ್ಟ್ ಚಕ್ರಕ್ಕೆ ಏರಿಸಿದರೆ ಆಯ್ತು. ಬರೀ ಮೋಟಾರಿನದಾಗಿದ್ದರೆ ಸುಮ್ನೆ ಕೂರಬೇಕಿತ್ತು, ಅಲ್ವಾ?

ತೆಳು ಹತ್ತಿ ಬಟ್ಟೆಗೆ 11 ನಂಬರ್ ಸೂಜಿ, ಮಾಮೂಲಿ ಬಟ್ಟೆಗೆ 14, ಜೀನ್ಸ್‌ಗೆ 16 ಹಾಕುತ್ತೇನೆ. ಜೀನ್ಸ್ ಮಡಿಕೆಯಲ್ಲಿ ನಾಲ್ಕು ಪದರ ಬಂದಾಗ ಮೋಟಾರು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಅವಸರ ಮಾಡಿದರೆ ಸೂಜಿ ಮುರಿಯುತ್ತದೆ.

ಮೊದಲ ತಿಂಗಳು ಬಟ್ಟೆಯ ಕೆಳಗೆ ದಾರ ಗಂಟುಗಂಟಾಗುತ್ತಿತ್ತು. ಮಾರಿದವರು ಫೋನ್ ಎತ್ತಲೇ ಇಲ್ಲ, ಬೇಜಾರಾಯಿತು. ಮೇಲಿನ ದಾರದ ಬಿಗಿ ಸಡಿಲವಾಗಿತ್ತು, ಅಷ್ಟೇ. ಆ ಬಿಗಿಯ ತಿರುಪನ್ನು ಅರ್ಧ ಸುತ್ತು ಬಿಗಿಯಾಗಿ ತಿರುಗಿಸಿದೆ, ಹೊಲಿಗೆ ಸರಿಯಾಯಿತು.

ಹೊಸ ಬಟ್ಟೆಗಿಂತ ರಿಪೇರಿಯೇ ಜಾಸ್ತಿ ಬರುತ್ತದೆ. ಜಿಪ್, ಹರಿದ ಜೇಬು, ಉದ್ದ ಕಮ್ಮಿ ಮಾಡುವುದು. ತಗೊಳ್ಳುವವರು ಒಂದು ಪುಸ್ತಕ ಇಡಿ. ದಾರ, ಸೂಜಿ, ಎಣ್ಣೆ, ಕರೆಂಟ್ ಜೊತೆಗೆ ನೀವು ಕೂತ ಗಂಟೆಗಳನ್ನೂ ಬರೆಯಿರಿ. ನಾನು ಮೊದಲು ಗಂಟೆ ಬರೆಯುತ್ತಿರಲಿಲ್ಲ, ಹಾಗಾಗಿ ತುಂಬ ಕಮ್ಮಿ ಕೂಲಿ ಕೇಳುತ್ತಿದ್ದೆ. ಬಿತ್ತನೆಯ ವಾರಗಳಲ್ಲಿ ಮಿಷನ್ ಮುಚ್ಚಿಡುತ್ತೇನೆ. ಈ ಸಲದ ಬಿತ್ತನೆ ಬೀಜಕ್ಕೆ ಸಾಲ ಮಾಡಲಿಲ್ಲ, ಹೊಲಿಗೆ ದುಡ್ಡೇ ಸಾಕಾಯಿತು.